ದಿನವೂ ಅರವತ್ತು

ನಾನು ಒಂದು ತೂಕದ ಯಂತ್ರ. ಕೆಳಗೆ ಜನ ನಿಲ್ಲಲು ಕಬ್ಬಿಣದ ಹಲಗೆ, ಅದಕ್ಕೊಂದು ಕಂಬ, ಕಂಬದ ತಲೆಗೆ ಗಡಿಯಾರದಂಥ ಬಿಳಿ ಮುಖ, ಮುಖದಲ್ಲೊಂದು ಕಪ್ಪು ಮುಳ್ಳು. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ಸರಿಯಾಗಿ ನೆನಪಿಲ್ಲ. ನೆನಪಿಲ್ಲದ್ದನ್ನು ಹೇಳಲು ನನಗೆ ಭಯ. ಒಮ್ಮೆ ತಪ್ಪು ಹೇಳಿ ಆಗಿದೆ.

ಬುದ್ಧಿ ಬಂದದ್ದು ತಿಮ್ಮನಬಂಡೆಯ ವಿಮಾನ ನಿಲ್ದಾಣದಲ್ಲಿ. ಯುದ್ಧಕಾಲದಲ್ಲಿ ದಂಡಿನವರು ಹಾಕಿದ ರನ್‌ವೇ ಅದು. ಆಮೇಲೆ ಎಂಟು ಪ್ರಯಾಣಿಕರ ಪುಟ್ಟ ವಿಮಾನವೊಂದು ದಿನಕ್ಕೊಮ್ಮೆ ಬಂದುಹೋಗತೊಡಗಿತು. ಊರು ಅದರ ಸುತ್ತಲೇ ಬೆಳೆಯಿತು. ಅದರ ಸದ್ದು ಕೇಳಿದ ಮೇಲೆಯೇ ಶಾಲೆಯಲ್ಲಿ ಊಟದ ಗಂಟೆ. ಖಾನಾವಳಿ, ಕ್ಷೌರದಂಗಡಿ, ಟೈಲರ್ ಅಂಗಡಿ, ಎಲ್ಲದರ ಬೋರ್ಡಿನಲ್ಲೂ ರೆಕ್ಕೆಯ ಚಿತ್ರ.

ಅಷ್ಟು ಸಣ್ಣ ವಿಮಾನಕ್ಕೆ ಪೆಟ್ಟಿಗೆಗಳನ್ನಷ್ಟೇ ಅಲ್ಲ, ಜನರನ್ನೂ ತೂಗಬೇಕು. ಆ ಕೆಲಸ ವಾಮದೇವಪ್ಪನದು. ಹೆಂಗಸರು ನಾಚಿಕೊಂಡಾರೆಂದು ಅವನು ತೂಕವನ್ನು ಗಟ್ಟಿಯಾಗಿ ಓದುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ಪೈಲಟ್ ಕೈಗೆ ಕೊಡುತ್ತಿದ್ದ. ದಿನಾ ಬೆಳಿಗ್ಗೆ ಹೆಗಲ ಟವೆಲಿನಿಂದ ನನ್ನ ಹಲಗೆ ಒರೆಸಿ, ಚಪ್ಪಲಿ ಬಿಟ್ಟು, ಮೊದಲು ತಾನೇ ಹತ್ತಿ ನಿಲ್ಲುತ್ತಿದ್ದ. ಮುಳ್ಳು ಅರವತ್ತಕ್ಕೆ ಬಂದು ನಿಲ್ಲುತ್ತಿತ್ತು.

"ಸರಿ ಐತಿ," ಎನ್ನುತ್ತಿದ್ದ. ಆಮೇಲೆಯೇ ಕೆಲಸ ಶುರು.

ವರ್ಷಕ್ಕೊಮ್ಮೆ ಕಬ್ಬಿಣದ ತೂಕದ ಬಟ್ಟುಗಳನ್ನು ಇಟ್ಟು ನನ್ನನ್ನು ಪರೀಕ್ಷಿಸಬೇಕಿತ್ತು. ಅದಕ್ಕೆ ಬಂದವರಿಗೆ ವಾಮದೇವಪ್ಪ, "ದಿನಾ ನಾನೇ ನಿಂತು ನೋಡ್ತೀನ್ರಿ, ಕೂದಲೆಳಿಯಷ್ಟೂ ಫರಕಿಲ್ಲ," ಎಂದ. ಅವರು ಬಟ್ಟುಗಳನ್ನು ಜೀಪಿನಿಂದ ಇಳಿಸದೆ ಸಹಿ ಹಾಕಿ ಹೋದರು. ಮರುವರ್ಷವೂ ಹಾಗೆಯೇ. ಹನ್ನೊಂದು ವರ್ಷ ಹಾಗೆಯೇ.

ಅಷ್ಟರಲ್ಲಿ ರನ್‌ವೇಯ ಧೂಳು ನನ್ನ ಕೀಲುಗಳಲ್ಲಿ ಕೂತಿತ್ತು, ತುಕ್ಕೂ ಸೇರಿತ್ತು. ಮುಳ್ಳು ಏಳಬೇಕಾದಷ್ಟು ಏಳುತ್ತಿರಲಿಲ್ಲ. ನನಗೆ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಆದರೆ ಬೆಳಿಗ್ಗೆ ಅವನು ಹತ್ತಿದರೆ ಅರವತ್ತೇ. ಮತ್ತೆ ಧೈರ್ಯ ಬರುತ್ತಿತ್ತು.

ಮಧ್ಯಾಹ್ನ ಬುತ್ತಿ ತರುತ್ತಿದ್ದ ಅವನ ಹೆಂಡತಿ ನೀಲಮ್ಮ ಒಮ್ಮೆ ನಕ್ಕಳು. "ಅಂಗಿ ಗುಂಡಿ ಹಾಕಾಕ ಬರವಲ್ದು, ಇನ್ನೂ ಅರವತ್ತಂತ! ಆ ಯಂತ್ರಕ್ಕ ನಿಮ್ಮ ಮ್ಯಾಲ ಭಾಳ ಮೋಹ ಐತಿ ಬಿಡ್ರಿ."

"ಯಂತ್ರ ಸುಳ್ಳು ಹೇಳ್ತೈತೇನ? ಒಗದು ಒಗದು ನೀನೇ ಅಂಗಿ ಕುಗ್ಗಿಸೀದಿ," ಎಂದ ಅವನು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಈಗಲೂ ಮೈ ಸುಡುತ್ತದೆ.

ಮೇ ತಿಂಗಳ ಒಂದು ಮಧ್ಯಾಹ್ನ ಎಂಟು ಜನ ಒಬ್ಬೊಬ್ಬರಾಗಿ ನನ್ನ ಮೇಲೆ ನಿಂತರು. ಪ್ರತಿಯೊಬ್ಬರಿಗೂ ನಾನು ಕಡಿಮೆ ಹೇಳಿದೆ. ಪೆಟ್ಟಿಗೆಗಳಿಗೂ ಕಡಿಮೆ ಹೇಳಿದೆ. ಪೈಲಟ್ ಚೀಟಿ ನೋಡಿ ತಲೆಯಾಡಿಸಿದ. ಆ ಬಿಸಿಲಿಗೆ, ಆ ಭಾರಕ್ಕೆ ವಿಮಾನ ರನ್‌ವೇಯ ಕೊನೆಯವರೆಗೆ ಓಡಿದರೂ ಮೇಲೇಳಲಾರದೆ ಎದುರಿನ ಬಂಡೆಗೆ ಬಡಿಯಿತು. ಮೂವರು ಉಳಿದರು.

ವಿಚಾರಣೆಗೆ ಬಂದ ಅಧಿಕಾರಿ ನನ್ನ ಮೇಲೆ ಎಂಬತ್ತು ಕಿಲೋ ಬಟ್ಟು ಇಡಿಸಿದ. ನಾನು ಎಪ್ಪತ್ತು ತೋರಿಸಿದೆ.

"ದಿನಾ ನಾನೇ ನಿಂತು ನೋಡ್ತಿದ್ದೆ ಸಾಹೇಬ್ರ. ಒಂದಿನಾನೂ ತಪ್ಪಿಸಿಲ್ಲ," ಎಂದ ವಾಮದೇವಪ್ಪ.

ಅಧಿಕಾರಿ ಬೇರೊಂದು ಯಂತ್ರ ತರಿಸಿ ಅವನನ್ನು ನಿಲ್ಲಿಸಿದ. ಅರವತ್ತೆಂಟೂವರೆ. ಯಾರೂ ಬೈಯಲಿಲ್ಲ. ವಾಮದೇವಪ್ಪ ಹೊಟ್ಟೆಯ ಮೇಲೆ ಕೈಯಿಟ್ಟು, ಅದು ಬೇರೆ ಯಾರದೋ ಎಂಬಂತೆ ಬಗ್ಗಿ ನೋಡಿಕೊಂಡ.

ವಿಮಾನ ನಿಂತಿತು. ಬೋರ್ಡುಗಳ ಮೇಲಿನ ರೆಕ್ಕೆಗಳು ಬಿಸಿಲಿಗೆ ಬಿಳಚಿದವು. ರನ್‌ವೇ ಮೇಲೆ ಮೆಣಸಿನಕಾಯಿ ಒಣಹಾಕಿದರು. ನನ್ನನ್ನು ಮೆಣಸಿನಕಾಯಿ ಮಂಡಿಯವರು ಒಯ್ದರು, ಆದರೆ ತೂಗಲಿಕ್ಕಲ್ಲ, ಚೀಲ ಒರಗಿಸಲಿಕ್ಕೆ. ಕೊನೆಗೆ ಹುಸೇನಪ್ಪನ ಗುಜರಿ ಅಂಗಡಿ ಸೇರಿದೆ. ಅದರ ಎದುರೇ ವಾಮದೇವಪ್ಪನ ಮನೆ.

"ಒಂದ್ ರೊಟ್ಟಿಯಾದ್ರೂ ತಿನ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ನೀಲಮ್ಮ ಅಂಗಲಾಚುವುದು ನನಗೆ ವರ್ಷಗಟ್ಟಲೆ ಕೇಳಿಸಿತು. ತಟ್ಟೆ ಸರಿಸುವ ಸದ್ದೂ ಕೇಳಿಸಿತು. ಆಮೇಲೆ ನೀಲಮ್ಮನ ದನಿ ನಿಂತುಹೋಯಿತು.

ಅವಳು ತೀರಿದ ತಿಂಗಳಿಗೆ ಅವನು ರಸ್ತೆ ದಾಟಿ ಬಂದ. ಎಲುಬು, ಅದರ ಮೇಲೊಂದು ಅಂಗಿ. ಟವೆಲಿನಿಂದ ಹಲಗೆ ಒರೆಸಿದ, ಚಪ್ಪಲಿ ಬಿಟ್ಟ, ಹತ್ತಿ ನಿಂತ.

"ನನಗ ಕಣ್ಣು ಮಂಜು. ಎಷ್ಟು ತೋರಸ್ತೈತಿ ನೋಡಪಾ ಹುಸೇನಪ್ಪ."

ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಒಂದೇ ಒಂದು ಸಲ ಸರಿಯಾಗಿ ಹೇಳಬೇಕೆಂದಿದ್ದೆ. ಮುಳ್ಳು ಅಲುಗಲಿಲ್ಲ.

ಹುಸೇನಪ್ಪ ನಕ್ಕ. "ಸೊನ್ನಿ, ಅಜ್ಜಾ. ನೀ ನಿಂತೇ ಇಲ್ಲ ಅಂತೈತಿ."

ವಾಮದೇವಪ್ಪ ನಗಲಿಲ್ಲ. "ಸರಿ ಐತಿ," ಎಂದು ಮೆಲ್ಲಗೆ ಇಳಿದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ನನ್ನ ಈ ಸುಳ್ಳನ್ನೂ ಅವನು ನಂಬಿದ.