ಹನ್ನೊಂದನೇ ಮಹಡಿಯ ಕುರ್ಚಿ

ನದಿಯ ನೀರು ಕಟ್ಟಡದ ನೆಲಮಾಳಿಗೆಗೆ ನುಗ್ಗಿದ್ದು ಬುಧವಾರ ಬೆಳಿಗ್ಗೆ ಏಳರ ಹೊತ್ತಿಗೆ. ಅಷ್ಟರಲ್ಲಾಗಲೇ ಇಡೀ ಬಡಾವಣೆಯ ಕರೆಂಟು ಹೋಗಿತ್ತು. ಹನ್ನೆರಡು ಮಹಡಿಯ ಆ ಕಟ್ಟಡದ ಲಿಫ್ಟನ್ನು ಹದಿನಾರು ವರ್ಷದಿಂದ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಸೊಂಟದ ಮಟ್ಟದ ನೀರಿಗಿಳಿದು ಟಾರ್ಚ್ ಬಿಟ್ಟು ನೋಡಿದ. ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆ ಪೂರ್ತಿ ಮುಳುಗಿತ್ತು. ಅದರ ಮೇಲೆ ಯಾರದೋ ಹಸಿರು ಚಪ್ಪಲಿಯೊಂದು ತೇಲಾಡುತ್ತಿತ್ತು. ಇದು ಒರೆಸಿ ಒಣಗಿಸಿದರೆ ಆಗುವ ಕೆಲಸವಲ್ಲ, ಹೊಸ ಪೆಟ್ಟಿಗೆಯೇ ಬರಬೇಕು ಎಂದು ಅವನಿಗೆ ನಿಂತಲ್ಲೇ ಗೊತ್ತಾಯಿತು. ಅದು ಬರಬೇಕಾದ್ದು ದೂರದ ಊರಿನಿಂದ. ದಾರಿಯ ಸೇತುವೆ ಕೊಚ್ಚಿಹೋಗಿತ್ತು. ಮೂರು ವಾರವಂತೂ ಹಿಡಿಯುತ್ತದೆ ಎಂದು ಕಂಪನಿಯವರು ಹೇಳಿದರು.

ಎರಡನೇ ಮಹಡಿಯ ತನ್ನ ಮನೆಗೆ ಹೋಗಿ ಹೆಂಡತಿಗೆ ಇದನ್ನು ಹೇಳಿದಾಗ ಅವಳು, ಹಾಗಾದರೆ ಮೇಲಿರುವ ಮುದುಕರು ಮೂರು ವಾರ ಗಾಳಿ ಕುಡಿದು ಬದುಕಬೇಕೇ ಎಂದು ಕೇಳಿದಳು. ನಲ್ಲಿಯಲ್ಲಿ ನೀರಿರಲಿಲ್ಲ. ಕಟ್ಟಡದ ಮೆಟ್ಟಿಲು ಗೋಡೆಗಳ ನಡುವೆ ಸುತ್ತಿಕೊಂಡು ಹೋಗುವಂಥದ್ದು, ಒಂದೇ ಒಂದು ಕಿಟಕಿಯಿಲ್ಲ. ದೀಪ ಹೋದರೆ ಮಟಮಟ ಮಧ್ಯಾಹ್ನದಲ್ಲೂ ನಮ್ಮ ಕೈ ನಮಗೇ ಕಾಣದು.

ಮರುದಿನ ಬಾಗಿಲು ತಟ್ಟಿದವಳು ಟೈಲರಮ್ಮ. ಅರವತ್ತರ ಆಜುಬಾಜಿನ ಸಣ್ಣ ಮೈಕಟ್ಟಿನ ಹೆಂಗಸು, ಕತ್ತಿನಲ್ಲಿ ಅಳತೆ ಟೇಪು ಸದಾ ನೇತಾಡುತ್ತಿರುತ್ತಿತ್ತು. ಎದುರು ರಸ್ತೆಯ ಪ್ರಾರ್ಥನಾ ಮನೆಯವಳು. ಹಿಂದೆ ಟೈರು ಅಂಗಡಿಯಾಗಿದ್ದ ಆ ಕೋಣೆಯಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿ ಪ್ರತಿ ಭಾನುವಾರ ಬೆಳಿಗ್ಗೆ ಸೇರಿ ಹಾಡುತ್ತಿದ್ದರು. ಅವರಲ್ಲಿ ಶ್ರುತಿ ಸೇರಿದವರು ಇಬ್ಬರೋ ಮೂವರೋ. ವಾರಕ್ಕೊಂದು ದಿನ ನಿದ್ದೆ ಮಾಡೋಣವೆಂದರೆ ಇವರ ಕಾಟ ಎಂದು ಮೆಕ್ಯಾನಿಕ್ ಗೊಣಗುವುದು ಇದ್ದದ್ದೇ. ಆದರೆ ಅವಳು ಕೇಳಿದ್ದು ನೇರವಾದ ಪ್ರಶ್ನೆ: ಕೆಳಗಿಳಿಯಲಾಗದವರು ಯಾವ ಯಾವ ಮನೆಯಲ್ಲಿದ್ದಾರೆ? ಲಿಫ್ಟಿನವನಿಗಿಂತ ಅದು ಇನ್ನಾರಿಗೆ ಗೊತ್ತು? ಅವನು ಲೆಕ್ಕ ಹಾಕಿ ಬರೆದುಕೊಟ್ಟ. ಹದಿನಾಲ್ಕು ಮನೆ. ಒಂಬತ್ತನೇ ಮಹಡಿಯಲ್ಲಿ ಹಾಸಿಗೆ ಹಿಡಿದ ಮಾಜಿ ನರ್ಸ್, ಆರರಲ್ಲಿ ತುಂಬು ಬಸುರಿ, ಹತ್ತರಲ್ಲಿ ಕಣ್ಣು ಮಂಜಾದ ಅಣ್ಣ ತಂಗಿ, ಹೀಗೆ. ಕೊನೆಯ ಹೆಸರು ಬರೆಯುವಾಗ ಅವನ ಪೆನ್ನು ನಿಂತಿತು.

ಅದು ಹನ್ನೊಂದನೇ ಮಹಡಿಯ ಅರ್ಜಿ ತಾತನದು. ಕೋರ್ಟಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ಆತ ಯಾವುದು ಸರಿಯಿಲ್ಲವೆಂದು ಕಂಡರೂ ಅರ್ಜಿ ಬರೆಯುತ್ತಿದ್ದ. ಪ್ರಾರ್ಥನಾ ಮನೆಯನ್ನು ಮುಚ್ಚಿಸಬೇಕೆಂದೇ ಏಳು ಅರ್ಜಿ ಹಾಕಿದ್ದ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಮಂಗಳವಾರ ಹೋಗಿ ಬಂದಿದ್ದ. ಈಗ ಗುರುವಾರ ತಪ್ಪಿಹೋಗಿತ್ತು.

ಶುಕ್ರವಾರ ಬೆಳಿಗ್ಗೆ ರಸ್ತೆಯ ನೀರು ಇಳಿಯಿತು. ಟೈಲರಮ್ಮನ ಜೊತೆ ಮೆಕ್ಯಾನಿಕ್ಕೂ ಹನ್ನೊಂದು ಮಹಡಿ ಹತ್ತಿದ. ತಾತ ಕುರ್ಚಿಯಲ್ಲಿ ಕೂತಿದ್ದ. ಮುಖ ಊದಿತ್ತು, ಕಾಲು ದಪ್ಪಗಾಗಿತ್ತು, ಉಸಿರು ಬಿಡುವಾಗ ಸಣ್ಣ ಸದ್ದು ಬರುತ್ತಿತ್ತು. ಇಷ್ಟಾದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡಿದ್ದ.

"ನಿಮ್ಮ ಮೇಲೆ ಏಳು ಅರ್ಜಿ ಹಾಕಿದೀನಿ," ಎಂದ ಅವಳನ್ನು ನೋಡಿ.

"ಗೊತ್ತು ಅಣ್ಣ. ಕಚೇರಿಯವರು ಎಲ್ಲಾನೂ ತೋರಿಸಿದ್ರು. ಅಕ್ಷರ ತುಂಬಾ ಚೆನ್ನಾಗಿದೆ."

"ಎಂಟನೇದೂ ಹಾಕ್ತೀನಿ. ಈ ಉಪಕಾರಕ್ಕೆಲ್ಲ ನಾನು ಬಗ್ಗೋನಲ್ಲ."

"ಹಾಕಿ. ಅದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ, ಮೊದಲು ಆಸ್ಪತ್ರೆಗೆ ಹೋಗಿ ಬರೋಣ."

ಹಾಗೆ ಹೇಳಿ ಅವಳು ಅವನು ಕೂತ ಕುರ್ಚಿಯನ್ನೇ ಟೇಪಿನಿಂದ ಅಳೆಯತೊಡಗಿದಳು. ಕೆಳಗಿಳಿದು ಹೋದವಳು ಒಂದು ಗಂಟೆಯಲ್ಲಿ ಮತ್ತೆ ಹತ್ತಿ ಬಂದಳು. ಕೈಯಲ್ಲಿ ದಪ್ಪ ಕ್ಯಾನ್ವಾಸಿನ ಪಟ್ಟಿಗಳಿದ್ದವು. ಪ್ರತಿ ಅಂಚಿಗೂ ಮೂರು ಸಾಲು ಹೊಲಿಗೆ. ಸೊಂಟಕ್ಕೊಂದು, ಎದೆಗೊಂದು, ಹೊರುವವರ ಹೆಗಲಿಗೆ ನಾಲ್ಕು. ಜೊತೆಗೆ ನಾಲ್ಕು ಮಂದಿ ಬಂದಿದ್ದರು: ಬೇಕರಿಯವನು, ಕಟಿಂಗ್ ಅಂಗಡಿಯವನು, ಮತ್ತೆ ಗೋದಾಮಿನಲ್ಲಿ ಮೂಟೆ ಹೊರುವ ಅಕ್ಕತಂಗಿಯರಿಬ್ಬರು. ಹೆಂಗಸರು ತನ್ನನ್ನು ಹೊರುವುದೇ ಎಂದು ತಾತ ಮುಖ ಗಂಟಿಕ್ಕಿದ. ದಿನಾ ಹೊರುವ ಮೂಟೆ ನಿಮ್ಮ ಎರಡರಷ್ಟು ತೂಗುತ್ತದೆ, ಅದು ಮಾತೂ ಆಡುವುದಿಲ್ಲ ಎಂದು ಅಕ್ಕ ಹೇಳಿದಳು. ಎತ್ತುವ ಮೊದಲು ಐವರೂ ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕಣ್ಣು ಮುಚ್ಚಿ ನಿಂತರು. ಅಷ್ಟೇ ಅವರ ಪ್ರಾರ್ಥನೆ.

ಆಮೇಲೆ ನಡೆದದ್ದನ್ನು ಮೆಕ್ಯಾನಿಕ್ಕಿಗೆ ಬಹಳ ದಿನ ಯಾರಿಗೂ ಸರಿಯಾಗಿ ವಿವರಿಸಲಾಗಲಿಲ್ಲ. ನಾಲ್ವರು ಕುರ್ಚಿ ಹೊತ್ತು ಇಳಿಯತೊಡಗಿದರು. ಟೈಲರಮ್ಮ ಅವರಿಗಿಂತ ಮೂರು ಮೆಟ್ಟಿಲು ಕೆಳಗೆ ಟಾರ್ಚ್ ಹಿಡಿದು, ಅವರತ್ತ ಮುಖ ಮಾಡಿ, ಹಿಂದು ಹಿಂದಕ್ಕೆ ಇಳಿಯುತ್ತಿದ್ದಳು. ಮುಂದೆ ನೋಡಿಕೊಂಡು ಇಳಿದರೆ ತನ್ನ ನೆರಳು ಮೆಟ್ಟಿಲ ಮೇಲೆ ಬಿದ್ದು ಅವರಿಗೆ ಕಾಲಿಡುವ ಜಾಗ ಕಾಣುವುದಿಲ್ಲ ಎನ್ನುವುದು ಅವಳ ಕಾರಣ. ಬೆಳಕೆಲ್ಲ ಅವರ ಪಾದದ ಮೇಲೆ. ಅವಳ ಹಿಂದೆ ಕಗ್ಗತ್ತಲು. ಒಂದು ಕೈ ಗೋಡೆ ಸವರುತ್ತಿತ್ತು, ಹಿಮ್ಮಡಿ ಮೆಟ್ಟಿಲಿನ ಅಂಚನ್ನು ಹುಡುಕಿ ಸಿಕ್ಕ ಮೇಲೆ ಇಳಿಯುತ್ತಿತ್ತು. ಹನ್ನೊಂದು ಮಹಡಿಯುದ್ದಕ್ಕೂ ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಎತ್ತರದ ಕೆಲಸ, ಆಳದ ಕೆಲಸ ಎರಡನ್ನೂ ಮಾಡಿದವನು ಮೆಕ್ಯಾನಿಕ್. ಹಗ್ಗ ಕಟ್ಟಿಕೊಳ್ಳದೆ ಒಂದು ಹೆಜ್ಜೆ ಹಿಂದಿಡುವವನಲ್ಲ. ಆ ಹೆಂಗಸಿನ ಹಿಂದಿನ ಕತ್ತಲನ್ನು ನೋಡುತ್ತ ಅವನು ಗೋಡೆಗೆ ಅಂಟಿಕೊಂಡೇ ಕುರ್ಚಿಯ ಹಿಂದೆ ಇಳಿದ. ಕೆಳಗೆ ಬೇಕರಿಯವನ ವ್ಯಾನು ಕಾಯುತ್ತಿತ್ತು. ಎತ್ತರದ ಜಾಗದಲ್ಲಿದ್ದ ಆಸ್ಪತ್ರೆಯಲ್ಲಿ ಜನರೇಟರು ಓಡುತ್ತಿತ್ತು. ತಾತನನ್ನು ಸಂಜೆಗೆ ಮುಂಚೆ ಮತ್ತೆ ಹೊತ್ತು ತಂದರು.

ಅಂದಿನಿಂದ ದಿನ ಬಿಟ್ಟು ದಿನ ಇದೇ. ಉಳಿದ ಹೊತ್ತಿನಲ್ಲಿ ಪ್ರಾರ್ಥನಾ ಮನೆಯ ಬಾಕಿ ಜನ ಹದಿನಾಲ್ಕು ಮನೆಗೂ ನೀರಿನ ಕ್ಯಾನು, ಮೇಣದಬತ್ತಿ, ಬಿಸಿ ಊಟ ಹೊತ್ತರು. ನರ್ಸಿನ ಹಾಸಿಗೆ ಬಟ್ಟೆ ಒಗೆದು ತಂದರು. ದೇವರ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ಕೊನೆಗೆ ಮೆಕ್ಯಾನಿಕ್ಕೇ ತಡೆಯಲಾರದೆ, ದೇವರ ಮಾತು ಯಾಕೆ ಎತ್ತುವುದಿಲ್ಲ ಎಂದು ಕೇಳಿದ. ಹನ್ನೊಂದು ಮಹಡಿ ಹತ್ತಿದ ಮೇಲೆ ಮಾತಾಡಲು ಉಸಿರೆಲ್ಲಿರುತ್ತದೆ ತಮ್ಮಾ ಎಂದು ಟೈಲರಮ್ಮ ನಕ್ಕಳು. ತಾತ ಮಾತ್ರ ಬದಲಾಗಲಿಲ್ಲ. ಕುರ್ಚಿ ಎಡಕ್ಕೆ ವಾಲುತ್ತಿದೆ, ಬೇಕರಿಯವನ ಮೈಯೆಲ್ಲ ಬೆಣ್ಣೆ ವಾಸನೆ, ಮೊನ್ನೆಗಿಂತ ಇಂದು ನಾಲ್ಕು ನಿಮಿಷ ತಡ. ದೂರಿಲ್ಲದೆ ಒಂದು ಮಹಡಿಯೂ ದಾಟುತ್ತಿರಲಿಲ್ಲ.

ಆರನೆಯ ಸಲ ತಾತನನ್ನು ಆಸ್ಪತ್ರೆಯಿಂದ ಮೇಲಕ್ಕೆ ಹೊತ್ತು ತರುವಾಗ, ಮಧ್ಯಾಹ್ನ ಮೂರು ಗಂಟೆ. ಹತ್ತುವಾಗ ಅಕ್ಕತಂಗಿಯರು ಕುರ್ಚಿಯ ಬೆನ್ನು ಹಿಡಿದು ಮೇಲಿರುತ್ತಿದ್ದರು, ಗಂಡಸರಿಬ್ಬರು ಕೆಳಗೆ, ಅವರ ಹಿಂದೆ ಟಾರ್ಚ್ ಹಿಡಿದ ಟೈಲರಮ್ಮ. ಏಳು ಮತ್ತು ಎಂಟರ ನಡುವೆ ಕಟಿಂಗ್ ಅಂಗಡಿಯವನ ಮೀನಖಂಡ ಹಿಡಿದುಕೊಂಡು ಕಾಲು ಕುಸಿಯಿತು. ಕುರ್ಚಿಯ ಒಂದು ಮೂಲೆ ಧಡಕ್ಕನೆ ಇಳಿಯಿತು. ಟೈಲರಮ್ಮ ಟಾರ್ಚನ್ನು ಬಿಸಾಡಿ ಅದರಡಿಗೆ ಹೆಗಲು ಕೊಟ್ಟಳು. ಟಾರ್ಚು ಮೆಟ್ಟಿಲಿನಿಂದ ಮೆಟ್ಟಿಲಿಗೆ ಕುಣಿಯುತ್ತ ಉರುಳಿಹೋಗಿ ಒಡೆಯಿತು. ಎಲ್ಲರ ಫೋನುಗಳೂ ಸತ್ತು ಎಷ್ಟೋ ದಿನವಾಗಿತ್ತು.

ಎಂಟನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಪರೀಕ್ಷಿಸುತ್ತಿದ್ದ ಮೆಕ್ಯಾನಿಕ್ ಸದ್ದು ಕೇಳಿ ಓಡಿದ. ಕೈಯಲ್ಲಿದ್ದ ಮೇಣದಬತ್ತಿ ಆ ರಭಸಕ್ಕೇ ಆರಿತು. ಗೋಡೆ ತಡಕುತ್ತ ಇಳಿದು, ಅಕ್ಕತಂಗಿಯರ ಪಕ್ಕದಲ್ಲಿ ನುಸುಳಿ, ಕೈಗೆ ಸಿಕ್ಕ ಕುರ್ಚಿಯ ಕಾಲನ್ನು ಹಿಡಿದ. ಟೈಲರಮ್ಮನ ಹೆಗಲಿನಿಂದ ಭಾರವನ್ನು ತನ್ನ ಮೇಲೆ ತೆಗೆದುಕೊಂಡಾಗ ಅವಳು ಉಸಿರು ಬಿಟ್ಟ ಸದ್ದು ಅವನ ಕಿವಿಗೇ ತಾಗಿತು. ಭಾರ ಎಷ್ಟಿತ್ತೆಂದರೆ ಅವನ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುವಂತಿದ್ದವು. ಇದನ್ನು ಇವರು ಆರು ಸಲ ಇಳಿಸಿದ್ದಾರೆ, ಐದು ಸಲ ಹತ್ತಿಸಿದ್ದಾರೆ ಎಂದು ಅವನಿಗೆ ಹೊಳೆಯಿತು. ಯಾರೂ ಅಲುಗಾಡಲಿಲ್ಲ. ಎಷ್ಟು ಮೆಟ್ಟಿಲು ಉಳಿದಿವೆ, ಎಲ್ಲಿ ತಿರುವು ಬರುತ್ತದೆ, ಯಾರಿಗೂ ಗೊತ್ತಿರಲಿಲ್ಲ.

ಆಗ ಮೇಲಿನಿಂದ ತಾತನ ಧ್ವನಿ ಬಂತು.

"ಏಳರಿಂದ ಎಂಟಕ್ಕೆ ಹತ್ತೊಂಬತ್ತು ಮೆಟ್ಟಿಲು. ಮಿಕ್ಕಿದ್ದೆಲ್ಲ ಹದಿನೆಂಟು. ಈಗ ಹನ್ನೆರಡು ಆಗಿದೆ, ಇನ್ನು ಏಳು. ಕೊನೇದು ಗಿಡ್ಡ, ಜೋಪಾನ."

ಹದಿನಾರು ವರ್ಷದಲ್ಲಿ ಮೆಕ್ಯಾನಿಕ್ಕಿಗೆ ಗೊತ್ತಾಗದ ವಿಷಯ ಅದು. ಕುರ್ಚಿಯಲ್ಲಿ ಸುಮ್ಮನೆ ಕೂರಲಾರದೆ ಆ ಮನುಷ್ಯ ಪ್ರತಿ ಸಲವೂ ಎಣಿಸಿದ್ದ. ಈಗ ಕೋರ್ಟಿನಲ್ಲಿ ಕಕ್ಷಿದಾರರನ್ನು ಕೂಗುವ ದನಿಯಲ್ಲಿ, ಹದಿಮೂರು, ಹದಿನಾಲ್ಕು ಎಂದು ಕೂಗತೊಡಗಿದ. ಪ್ರತಿ ಕೂಗಿಗೆ ಐದು ಜೋಡಿ ಕಾಲು ಒಂದು ಮೆಟ್ಟಿಲು ಏರಿದವು. ಕಟಿಂಗ್ ಅಂಗಡಿಯವನು ಹಿಂದಿನಿಂದ ಅಂಬೆಗಾಲಿಟ್ಟು ಬರುತ್ತಿದ್ದ.

ಆ ಕೂಗು ಬಾವಿಯಂಥ ಆ ಮೆಟ್ಟಿಲ ದಾರಿಯುದ್ದಕ್ಕೂ ಮೊಳಗಿತು. ಎಂಟನೇ ಮಹಡಿಗೆ ಕಾಲಿಡುವಾಗ ಮೇಲೆಲ್ಲೋ ಒಂದು ಬಾಗಿಲು ಕಿರುಗುಟ್ಟಿತು. ಆಮೇಲೆ ಇನ್ನೊಂದು. ಗೋಡೆಯ ಮೇಲೆ ಹಳದಿ ಬೆಳಕು ನಡುಗುತ್ತ ಇಳಿಯಿತು. ಹತ್ತನೇ ಮಹಡಿಯ ಕಣ್ಣು ಮಂಜಾದ ಅಣ್ಣ ತಂಗಿ ಕೈ ಕೈ ಹಿಡಿದುಕೊಂಡು, ಮೇಣದಬತ್ತಿಯನ್ನು ಮುಂದೆ ಚಾಚಿ, ಎರಡು ಮಹಡಿ ಇಳಿದು ಬಂದಿದ್ದರು. ಆ ಬೆಳಕಿನಿಂದ ಅವರಿಗೇ ಏನೂ ಉಪಯೋಗವಿರಲಿಲ್ಲ. ಒಂಬತ್ತರಲ್ಲಿ ನರ್ಸಿನ ಬಾಗಿಲು ಹಾರುಹೊಡೆದಿತ್ತು. ಮಂಚದಿಂದ ಏಳಲಾಗದ ಅವಳು, ಜೊತೆಗಿದ್ದ ತನ್ನ ತಂಗಿಯಿಂದ ಮಂಚವನ್ನೇ ಬಾಗಿಲವರೆಗೆ ಎಳೆಸಿಕೊಂಡು, ಎರಡೂ ಕೈಯಲ್ಲಿ ದೀಪ ಎತ್ತಿ ಹಿಡಿದಿದ್ದಳು. ತಿರುವು ತಿರುವಿನಲ್ಲಿ ಒಬ್ಬೊಬ್ಬರು. ಊರುಗೋಲಿನವರು, ಬಾಣಂತಿಯಂತೆ ತಲೆಗೆ ಬಟ್ಟೆ ಸುತ್ತಿಕೊಂಡ ಜ್ವರದವರು. ಮೆಕ್ಯಾನಿಕ್ ಬರೆದುಕೊಟ್ಟ ಪಟ್ಟಿಯ ಜನ. ಕೆಳಗಿಳಿಯಲಾಗದವರು ಎಂದು ಅವನೇ ಬರೆದಿದ್ದ.

ತಾತ ಎಣಿಸುತ್ತಲೇ ಇದ್ದ, ಬೆಳಕಾದ ಮೇಲೂ. ಕೂಗಿ ಕೂಗಿ ಅವನ ದನಿ ಒಡೆದಿತ್ತು, ಆದರೂ ಒಂದು ಸಂಖ್ಯೆಯನ್ನೂ ಬಿಡಲಿಲ್ಲ. ಮೆಕ್ಯಾನಿಕ್ಕಿನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಹನ್ನೊಂದರಲ್ಲಿ ಕುರ್ಚಿ ಇಳಿಸಿದಾಗ ತಾತ ಟೈಲರಮ್ಮನ ಹೆಗಲನ್ನು ನೋಡಿದ. ರವಿಕೆ ಹರಿದು, ಕುರ್ಚಿಯ ಅಂಚು ಕೊರೆದ ಕಡೆ ರಕ್ತ ಒಸರಿತ್ತು.

"ನೋವಾಯ್ತಾ ತಂಗಿ?" ಎಂದ.

"ಆಯ್ತು ಅಣ್ಣ," ಎಂದಳು ಅವಳು, ಗೋಡೆಗೊರಗಿ ಕೂರುತ್ತ.

ಅವನು ತನ್ನ ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದ. ದಿನಕ್ಕೆ ಇಷ್ಟೇ ಎಂದು ವೈದ್ಯರು ಅಳೆದುಕೊಟ್ಟಿದ್ದ ನೀರು ಅದು. ಅವಳು ಬೇಡವೆನ್ನಲಿಲ್ಲ, ಕುಡಿದಳು.

ಇಪ್ಪತ್ತೆರಡನೇ ದಿನ ಹೊಸ ಪೆಟ್ಟಿಗೆ ಬಂತು, ಅಷ್ಟರಲ್ಲಿ ಕರೆಂಟೂ ಬಂದಿತ್ತು. ಅದನ್ನು ನೆಲಮಾಳಿಗೆಯಲ್ಲಿ ಕೂರಿಸಲು ಮೆಕ್ಯಾನಿಕ್ ಸುತರಾಂ ಒಪ್ಪಲಿಲ್ಲ. ಮೊದಲನೇ ಮಹಡಿಯ ಉಗ್ರಾಣದಲ್ಲಿ ಕೂರಿಸಿ ಎರಡು ದಿನದಲ್ಲಿ ಲಿಫ್ಟನ್ನು ಓಡಿಸಿದ. ಅರ್ಜಿ ತಾತ ಆಮೇಲೆ ಎರಡು ವರ್ಷ ಬದುಕಿದ. ಟೈಲರಮ್ಮನ ಹೆಗಲು ಮಾತ್ರ ಮೊದಲಿನಂತಾಗಲಿಲ್ಲ. ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಲು ಅವಳಿಗೆ ಈಗಲೂ ಆಗುವುದಿಲ್ಲ.

ಪ್ರವಾಹದ ಮರು ವರ್ಷ ಊರಿನ ಆಚೆ ತುದಿಯಲ್ಲಿ ಜ್ವರ ಹಬ್ಬಿ ನಾಲ್ಕು ಬೀದಿಗಳನ್ನು ಮುಚ್ಚಿದರು. ಅಲ್ಲಿನವರಿಗೆ ನೀರು, ಊಟ ಒಯ್ಯಲು ಪ್ರಾರ್ಥನಾ ಮನೆಯವರು ಹೊರಟ ಬೇಕರಿಯವನ ವ್ಯಾನಿನಲ್ಲಿ ಮೆಕ್ಯಾನಿಕ್ಕೂ ಹತ್ತಿ ಕೂತ. ದೇವರೆದುರು ಒಂದು ದಿನವೂ ಕೈ ಮುಗಿಯದವರು ಇವರ ಜೊತೆ ಹೊರಟಿರಲ್ಲ ಎಂದು ಹೆಂಡತಿ ಕೇಳಿದ್ದಳು, ಕೇಳುತ್ತಲೇ ಅವನ ಊಟದ ಡಬ್ಬಿ ಕಟ್ಟಿದ್ದಳು. ಅವನ ಪಾಲಿಗೆ ಬಂದದ್ದು ಒಂದು ಓಣಿಯ ಕೊನೆಯ ಮನೆ. ಬಾಗಿಲು ತಟ್ಟುವ ಮೊದಲು ಅವನು ನೀರಿನ ಕ್ಯಾನನ್ನು ಕೆಳಗಿಟ್ಟು, ಯಾಕೆಂದು ತನಗೇ ತಿಳಿಯದೆ, ಒಂದು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚಿ ನಿಂತ. ಒಳಗಿನಿಂದ ಮುದುಕಿಯೊಬ್ಬಳು, ಯಾರು ಎಂದು ಕೇಳಿದಳು.

"ನೀರು ತಂದಿದೀನಿ ಅಮ್ಮ," ಎಂದ.

ಚಿಲಕ ತೆಗೆಯಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಅವನು ಕಾದು ನಿಂತ.