ಯಾರ ಉದ್ದ?

ನಮ್ಮ ಅಕ್ಕನಿಗೆ ಕಣ್ಣಿಗೆ ಕಾಣದ್ದರ ಮೇಲೆ ಪ್ರೀತಿ, ಭಾವನಿಗೆ ಕಾಲ ಮೇಲೆ ಬಿದ್ದರೆ ನೋಯುವಂಥದ್ದರ ಮೇಲೆ. ಒಂದೇ ಪ್ರಯೋಗಾಲಯದಲ್ಲಿ ಅಕ್ಕ ಕಂಪ್ಯೂಟರಿನೊಳಗೆ ಲೋಹದ ಪರಮಾಣುಗಳನ್ನು ಎಳೆದಾಡಿಸುತ್ತಾಳೆ. ಭಾವ ಅದೇ ಲೋಹದ ತಗಡನ್ನು ಬಟ್ಟಲಾಗಿ ಒತ್ತಿದರೆ ಏನಾದೀತೆಂದು ಲೆಕ್ಕ ಹಾಕುತ್ತಾರೆ. ನಡುವಿನ ಕೋಣೆ ನನ್ನದು. ಅಕ್ಕನ ಅಂಕಿಗಳಿಂದ ತಗಡಿನೊಳಗಿನ ಹರಳುಗಳ, ಅಂದರೆ ಪರಮಾಣುಗಳು ಸಾಲುಗಟ್ಟಿ ನಿಂತ ಕಣಗಳ, ಗುಣ ಗೊತ್ತುಮಾಡಿ ಭಾವನಿಗೆ ದಾಟಿಸುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಕರೆಯುವುದು ನಡುಮನೆ ಎಂದೇ. ನಾನಿರುವುದೂ ಅಕ್ಕ ಭಾವನ ಮನೆಯಲ್ಲೇ ಆದ್ದರಿಂದ, ಇಬ್ಬರೂ ಮುನಿಸಿಕೊಂಡಾಗ "ನಿಮ್ಮ ಭಾವನಿಗೆ ಹೇಳು", "ನಿಮ್ಮಕ್ಕನಿಗೆ ಹೇಳು" ಎಂಬ ಸಂಬಳವಿಲ್ಲದ ಉದ್ಯೋಗವೂ ನನ್ನದೇ.

ತಗಡನ್ನು ಬಟ್ಟಲಾಗಿ ಒತ್ತಿದಾಗ ಅಂಚು ಸಮನಾಗಿ ಬರುವುದಿಲ್ಲ, ಅಲ್ಲಲ್ಲಿ ಮೇಲಕ್ಕೆ ಚಾಚುತ್ತದೆ. ಅದಕ್ಕೆ ನಾವು ಕಿವಿ ಎನ್ನುತ್ತೇವೆ. ಕಿವಿ ಎಲ್ಲೆಲ್ಲಿ ಏಳುತ್ತದೆಂದು ಮೊದಲೇ ಹೇಳಬೇಕು. ಈ ಸಲವೋ, ನಾವು ಕಿವಿ ಎಂದಲ್ಲೆಲ್ಲ ತಗ್ಗು ಬಿತ್ತು, ತಗ್ಗು ಎಂದಲ್ಲೆಲ್ಲ ಕಿವಿ ಎದ್ದಿತು.

"ಇಷ್ಟು ಚೊಕ್ಕವಾಗಿ ತಪ್ಪೋದಕ್ಕೂ ಜಾಣತನ ಬೇಕಮ್ಮ," ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ಸೋಮವಾರ ಬೇರೆ ತಗಡು ಒತ್ತೋಣ. ಆಗಲೂ ಹೀಗೇ ಆದ್ರೆ ನಡುವಿನ ಹಂತವೇ ಬೇಡ. ಅವರಿಬ್ಬರೂ ನೇರವಾಗಿ ಮಾತಾಡಿಕೊಳ್ಳಲಿ."

ನನ್ನ ಕೆಲಸಕ್ಕೇ ಕುತ್ತು. ಅವರಿಬ್ಬರೂ ನೇರವಾಗಿ ಮಾತಾಡಿ ಒಂದು ಮಾತಿಗೆ ಬಂದದ್ದನ್ನು ಅವರ ಮದುವೆಯಾದಾಗಿನಿಂದ ನಾನಂತೂ ಕಂಡಿಲ್ಲ.

ಭಾನುವಾರ ಮಧ್ಯಾಹ್ನ ಊಟದ ಮೇಜು ಬಾಗಿಲಿಗೆ ಅಡ್ಡ ಬರುತ್ತಿದೆಯೆಂದು ಅಕ್ಕನಿಗೆ ತಲೆಬಿಸಿ. ಚೌಕದ ಮೇಜು.

"ರೀ, ಆ ಕಡೆ ಹಿಡ್ಕೊಳ್ಳಿ. ಉದ್ದಕ್ಕೆ ಎಳೆಯೋಣ."

ಭಾವ ಅಂಚು ಹಿಡಿದು ಗೋಡೆಯ ಕಡೆ ಎಳೆದರು. ಅಕ್ಕ ಮೂಲೆ ಹಿಡಿದು ಕಿಟಕಿಯ ಕಡೆ ಎಳೆದಳು. ಮೇಜು ಗಿರ್ರನೆ ತಿರುಗಿ ನನ್ನ ಹೊಟ್ಟೆಗೆ ಬಡಿಯಿತು.

"ಉದ್ದಕ್ಕೆ ಅಂದ್ನಲ್ಲ?" ಎಂದಳು ಅಕ್ಕ.

"ಉದ್ದಕ್ಕೇ ಎಳೆದೆ ಕಣೇ, ಅಂಚಿನುದ್ದಕ್ಕೆ."

"ಚೌಕದಲ್ಲಿ ಎಲ್ಲಕ್ಕಿಂತ ಉದ್ದದ ಗೆರೆ ಮೂಲೆಯಿಂದ ಮೂಲೆಗೆ ಅಲ್ವಾ?"

ನಾನು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಳಿತೆ. "ಅಕ್ಕ, ನೀನು ಕೊಡೋ ಫೈಲಲ್ಲಿ ಉದ್ದ ಅಂದ್ರೆ ಯಾವುದು?"

"ಪರಮಾಣುಗಳು ಒತ್ತೊತ್ತಾಗಿ ನಿಲ್ಲೋ ಸಾಲು. ಹರಳಿನ ಚೌಕದಲ್ಲಿ ಮೂಲೆಯಿಂದ ಮೂಲೆಗೆ."

"ಭಾವ, ನಿಮ್ದು?"

"ತಗಡನ್ನ ಲಟ್ಟಿಸೋ ರೋಲರಿನಿಂದ ಅದು ಹೊರಗೆ ಬರೋ ದಿಕ್ಕು. ಇದರಲ್ಲಿ ಕೇಳೋದೇನಿದೆ?"

ಕೇಳಬೇಕಾದ್ದೇ ಅದು. ನಮ್ಮ ತಗಡಿನಲ್ಲಿ ಬಹುಪಾಲು ಹರಳುಗಳ ಅಂಚು ಭಾವನ ದಿಕ್ಕಿಗೇ ನಿಂತಿರುತ್ತದೆ. ಅಕ್ಕನ ಉದ್ದ ಅದಕ್ಕೆ ಓರೆ. ಎರಡೂ ಒಂದೇ ಎಂದುಕೊಂಡು ಕಣ್ಣುಮುಚ್ಚಿ ದಾಟಿಸಿದವಳು ನಾನು; ಮೇಜಿನ ಹಾಗೆ ನನ್ನ ಲೆಕ್ಕದ ಹರಳುಗಳೂ ತಿರುಗಿ ಕುಳಿತಿದ್ದವು. ಕಿವಿಯೆಲ್ಲ ತಗ್ಗಾದದ್ದು ಅದಕ್ಕೇ. ಮೂವರಿಗೂ ನಗು ತಡೆಯಲಾಗಲಿಲ್ಲ. ಊಟ ಆರಿಹೋಯಿತು, ಯಾರೂ ಗೊಣಗಲಿಲ್ಲ.

ಸೋಮವಾರ ಲೆಕ್ಕವನ್ನು ಹೊಸದಾಗಿ ಮಾಡಿ, ಹೊಸ ತಗಡಿನ ಅಂಚಿನಲ್ಲಿ ಕಿವಿ ಏಳಬೇಕಾದ ಕಡೆಯೆಲ್ಲ ಶಾಯಿಯ ಚುಕ್ಕೆ ಇಟ್ಟೆ. ಯಂತ್ರ ಇಳಿಯಿತು. ಮುಖ್ಯಸ್ಥರು ಬಟ್ಟಲನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಒಂದೊಂದು ಕಿವಿಯ ತುದಿಯಲ್ಲೂ ನನ್ನ ಚುಕ್ಕೆ, ಓಲೆ ಇಟ್ಟ ಹಾಗೆ.

"ನಡುಮನೆ ಇರಲಮ್ಮ," ಎಂದರು ಅವರು. "ಅದಿಲ್ಲದೆ ಎರಡು ಕೋಣೆಯವರು ಎಲ್ಲಿ ಸೇರ್ತಾರೆ?"

ನಾನು ಹಿಗ್ಗಿ ಹೀರೇಕಾಯಿಯಾದೆ. ಅಕ್ಕ ಎಲ್ಲರೆದುರೇ ತಬ್ಬಿಕೊಂಡಳು. ಭಾವ ಆ ಬಟ್ಟಲಲ್ಲೇ ಕಾಫಿ ಕುಡಿಯುತ್ತೇನೆಂದು ಹಟ ಹಿಡಿದರು.

ಸಂಜೆ ಮನೆಗೆ ಬಂದರೆ ಮೇಜು ಇನ್ನೂ ಸೊಟ್ಟಗೇ ನಿಂತಿತ್ತು.

"ಈಗ ಎಳೆಯೋಣ್ವಾ, ಉದ್ದಕ್ಕೆ?" ಎಂದರು ಭಾವ.

"ಯಾರ ಉದ್ದಕ್ಕೆ?" ಎಂದಳು ಅಕ್ಕ.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಾಯಿ ಬಿಡುವವರೆಗೂ ಯಾರೂ ಮೇಜು ಮುಟ್ಟಲಿಲ್ಲ.