ಬೀಗರ ತಟ್ಟೆಗೆ ಬಂದ ಕತ್ತಿನ ತುಂಡು

ಬೀಗರ ಊಟದಲ್ಲಿ ಉಪ್ಪು ಹೆಚ್ಚಾದರೆ ಜನ ನೀರು ಕುಡಿದು ಸುಮ್ಮನಾಗುತ್ತಾರೆ. ಮೂಳೆ ಅದಲುಬದಲಾದರೆ ಮಾತ್ರ ಯಾರೂ ಸುಮ್ಮನಿರುವುದಿಲ್ಲ. ನಾರಿನ್ ಕಣಿವೆಯ ನಮ್ಮ ಹಳ್ಳಿಯಲ್ಲಿ ಕುರಿಯ ಒಂದೊಂದು ತುಂಡಿಗೂ ಒಬ್ಬ ಒಡೆಯ. ಸೊಂಟದ ಮೂಳೆ ಹಿರಿಯ ಅತಿಥಿಗೆ, ಕತ್ತಿನ ತುಂಡು ಬಾಗಿಲ ಬಳಿ ಕೂತವರಿಗೆ. ನಲವತ್ತು ವರ್ಷದಿಂದ ಊರಿನ ಔತಣಗಳಲ್ಲಿ ಮಾಂಸ ಹಂಚುತ್ತಿದ್ದವನು ಕಲ್ಮುರ್ಜಾ. ಒಂದು ಸಲವೂ ತಪ್ಪಿದವನಲ್ಲ.

ಅಂಥವನು ಸ್ವಂತ ಮಗಳ ಮದುವೆ ಮಾತಿಗೆ ಬಂದ ಬೀಗ ದೊರೊನ್‌ಬೆಕ್‌ನ ತಟ್ಟೆಗೆ ಕತ್ತಿನ ತುಂಡು ಹಾಕಿದ! ಸೊಂಟದ ಮೂಳೆ ಅವರ ಕಾರಿನ ಡ್ರೈವರನ ಪಾಲಾಯಿತು.

ದೊರೊನ್‌ಬೆಕ್ ಚಹಾದ ಬಟ್ಟಲನ್ನು ಮಗುಚಿಟ್ಟು ಎದ್ದ. “ನಮ್ಮ ಬೆಲೆ ಎಷ್ಟು ಅಂತ ಗೊತ್ತಾಯ್ತು ಬಿಡಿ. ಮದುವೆ ಮಾತು ಇಲ್ಲಿಗೆ ಸಾಕು.”

ಕಲ್ಮುರ್ಜಾನ ಹೆಂಡತಿ ಸಾಲ್ಕಿನ್‌ಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮಗಳು ನಾಜಿಕ್ ಅಳುತ್ತ ಒಳಗೆ ಹೋದಳು. ಮರುದಿನ ಊರಿನ ನರ್ಸ್ ಜೂರಾಕಾನ್ ಬಂದಾಗಲೂ ಸಾಲ್ಕಿನ್‌ಳ ಸಿಟ್ಟು ಇಳಿದಿರಲಿಲ್ಲ.

“ಬೇಕಂತಲೇ ಮಾಡಿದ್ದು ಕಣೆ! ಆ ಮನೆಗೆ ಮಗಳನ್ನ ಕೊಡೋಕೆ ಇವರಿಗೆ ಮನಸ್ಸಿಲ್ಲ.”

“ಏನಾದ್ರೂ ಕಾಯಿಲೆ ಇರಬಹುದಲ್ವಾ ಅಕ್ಕ?”

“ಕಾಯಿಲೆಯಂತೆ! ಏಳು ತಲೆಮಾರಿನ ಹೆಸರು ಕೇಳು, ಪಟಪಟ ಅಂತ ಹೇಳ್ತಾರೆ.”

ಜೂರಾಕಾನ್ ಕೇಳಿದ್ದೇ ತಡ, ಅಲ್ಲೇ ಕೂತಿದ್ದ ಕಲ್ಮುರ್ಜಾ ಅಪ್ಪನಿಂದ ಹಿಡಿದು ಏಳನೇ ತಲೆಯವರೆಗೆ ಒಂದೇ ಉಸಿರಲ್ಲಿ ಹೇಳಿದ. “ನೋಡಿದ್ಯಾ?” ಎಂದಳು ಸಾಲ್ಕಿನ್.

ಜೂರಾಕಾನ್ ಬಿಡಲಿಲ್ಲ. “ಅಣ್ಣ, ಕುದುರೆಗೆ ಜೀನು ಹೇಗೆ ಹಾಕ್ತೀರಿ? ಒಂದೊಂದಾಗಿ ಹೇಳಿ.”

“ಅದೇನು ಮಹಾ! ಮೊದಲು ಪಟ್ಟಿ ಬಿಗಿದು... ಅಲ್ಲ, ಜೀನು ಇಟ್ಟು... ಅದರ ಕೆಳಗೆ ಕಂಬಳಿ ಇರಬೇಕಲ್ಲ...” ಕಲ್ಮುರ್ಜಾ ನಿಲ್ಲಿಸಿದ. ಹೆಂಡತಿಯ ಮುಖ ನೋಡಿದ. ನಡೆಯಲು ಕಲಿತಾಗಿನಿಂದ ಕುದುರೆ ಏರಿದವನು ಅವನು. ಹಿಟ್ಟು ನಾದುತ್ತಿದ್ದ ಸಾಲ್ಕಿನ್ ಕೈ ಒರೆಸಿಕೊಂಡು ಅವನ ಪಕ್ಕ ಬಂದು ಕೂತಳು.

“ನಡಿಗೆ ಹೇಗಿದೆ ಅಕ್ಕ?”

“ಕಾಲು ನೆಲಕ್ಕೆ ಅಂಟಿದ ಹಾಗೆ ಪುಟ್ಟ ಪುಟ್ಟ ಹೆಜ್ಜೆ. ಮತ್ತೆ...” ಅವಳು ದನಿ ತಗ್ಗಿಸಿದಳು. “ಮೂತ್ರಕ್ಕೆ ಹೊರಗೆ ಹೋಗೋಷ್ಟರಲ್ಲಿ ಬಟ್ಟೆ ಒದ್ದೆ. ಸೋಮಾರಿ ಅಂತ ಬೈತಿದ್ದೆ.”

ಜೂರಾಕಾನ್ ಬಿಪಿ ನೋಡಿದಳು. ಮೇಲಿನ ಅಂಕಿಯೇ ನೂರ ತೊಂಬತ್ತು.

“ಬಿಪಿ ಗುಳಿಗೆ ತಗೊಳ್ಳಲ್ವಾ ಅಣ್ಣ?”

“ಚಳಿಗಾಲದಲ್ಲಿ ತಗೋತೀನಿ. ಬೇಸಿಗೇಲಿ ಮೇಲಿನ ಹುಲ್ಲುಗಾವಲಲ್ಲಿ ಕುಮಿಸ್ ಇರುತ್ತಲ್ಲ? ಹುಳಿ ಬಂದ ಕುದುರೆ ಹಾಲು ರಕ್ತಾನ ತಿಳಿ ಮಾಡುತ್ತೆ. ಹತ್ತು ವರ್ಷದಿಂದ ಹೀಗೇ.”

“ಕುಮಿಸ್ ಬಾಯಿಗೆ ರುಚಿ ಅಣ್ಣ. ಗುಳಿಗೆ ಮಾಡೋ ಕೆಲಸ ಅದು ಮಾಡಲ್ಲ.”

ಅಂದೇ ಮೂವರೂ ಪಟ್ಟಣದ ಆಸ್ಪತ್ರೆಗೆ ಹೋದರು. ತಲೆಯ ಸ್ಕ್ಯಾನ್ ಆಯಿತು. ಬಿನ್ಸ್‌ವಾಂಗರ್ ಕಾಯಿಲೆ ಎಂದರು ಡಾಕ್ಟರು. ಅಪರೂಪದ್ದು. ಆ ಹೆಸರಿಗೆ ಸಾಲ್ಕಿನ್‌ಳ ನಾಲಿಗೆ ಹೊರಳಲಿಲ್ಲ. ಜೂರಾಕಾನ್ ಬಿಡಿಸಿ ಹೇಳಿದಳು.

“ದೊಡ್ಡ ಕಾಲುವೆ ಚೆನ್ನಾಗೇ ಇದ್ದು, ಕೊನೇ ಹೊಲದ ಸಣ್ಣ ಕಾಲುವೆ ಕಟ್ಟಿಕೊಂಡ್ರೆ ಏನಾಗುತ್ತೆ? ಅಲ್ಲಿ ಪೈರು ಒಣಗುತ್ತೆ. ಮೆದುಳಿನ ಆಳದ ಸಣ್ಣ ರಕ್ತನಾಳಗಳಿಗೂ ಹಾಗೇ ಆಗಿದೆ. ಹಳೇ ನೆನಪು ಇರುತ್ತೆ. ಯಾವುದಾದ ಮೇಲೆ ಯಾವುದು ಅನ್ನೋದು ತಪ್ಪುತ್ತೆ.”

“ವಾಸಿಯಾಗುತ್ತಾ?”

“ಹೋಗಿದ್ದು ಬರಲ್ಲ ಅಕ್ಕ, ಸುಳ್ಳು ಹೇಳಲ್ಲ. ಬಿಪಿ ಹತೋಟಿಲಿದ್ರೆ ಮುಂದೆ ಹೆಚ್ಚಾಗೋದು ನಿಧಾನ ಆಗಬಹುದು. ದಿನಾ ಗುಳಿಗೆ, ಉಪ್ಪು ಕಡಿಮೆ, ಹೊಗೆಸೊಪ್ಪು ಬಂದ್, ದಿನಾ ನಡಿಗೆ. ಬೈಗುಳಾನೂ ಬಂದ್!”

ಸಾಲ್ಕಿನ್ ಆಸ್ಪತ್ರೆಯ ಬೆಂಚಿನ ಮೇಲೆ ಗಂಡನ ಕೈ ಹಿಡಿದು ಅತ್ತಳು. ಮೈಗಳ್ಳ ಎಂದು ಹಂಗಿಸಿದ ಒಂದೊಂದು ದಿನವೂ ನೆನಪಾಯಿತು. ಅಲ್ಲಿಂದ ನೇರ ಬೀಗರ ಮನೆಗೆ ಹೋದಳು.

“ಏಳು ತಲೆ ಹೇಳೋನಿಗೆ ಮೆದುಳಿನ ಕಾಯಿಲೆಯಾ? ನನ್ನ ಕಿವಿಗೆ ಹೂ ಇಡ್ಬೇಡಿ,” ಎಂದ ದೊರೊನ್‌ಬೆಕ್.

“ನಾನೂ ಹಾಗೇ ಅಂದ್ಕೊಂಡು ಎರಡು ವರ್ಷ ಬೈದೆ ಅಣ್ಣ. ಹತ್ತು ವರ್ಷ ಕುಮಿಸ್ ನಂಬ್ಕೊಂಡು ಬೇಸಿಗೇಲಿ ಗುಳಿಗೆ ಬಿಟ್ಟಿದ್ರು.”

ದೊರೊನ್‌ಬೆಕ್‌ನ ಮುಖ ಇಳಿಯಿತು. ಕಪಾಟಿನ ಮೇಲೆ ಅವನ ಬಿಪಿ ಗುಳಿಗೆಯ ಡಬ್ಬಿಯೂ ವಸಂತದಿಂದ ಧೂಳು ತಿನ್ನುತ್ತ ಕೂತಿತ್ತು. ಅದನ್ನು ಕೆಳಗಿಳಿಸಿ ಒರೆಸುತ್ತ, “ಮದುವೆ ಮಾತು ಮುಂದುವರಿಸೋಣ,” ಎಂದ.

ಶರತ್ಕಾಲದಲ್ಲಿ ನಾಜಿಕ್‌ಳ ಮದುವೆಯಾಯಿತು. ಮಾಂಸ ಹಂಚಿದವನು ಕಲ್ಮುರ್ಜಾನೇ. ಪಕ್ಕದಲ್ಲಿ ಸಾಲ್ಕಿನ್ ಒಂದೊಂದೇ ತುಂಡು ಅವನ ಕೈಗಿಟ್ಟು ಹೆಸರು ಹೇಳುತ್ತಿದ್ದಳು. ಸೊಂಟದ ಮೂಳೆ ಬೀಗರ ತಟ್ಟೆಗೇ ಬಿತ್ತು.

ದೊರೊನ್‌ಬೆಕ್ ತಟ್ಟೆಯನ್ನು ಮತ್ತೆ ಮುಂದೆ ಚಾಚಿದ. “ಆ ಕತ್ತಿನ ತುಂಡೂ ಹಾಕಿ ಬೀಗರೇ. ನನ್ನ ಕಣ್ಣು ತೆರೆಸಿದ್ದು ಅದೇ.” ಊಟದ ಮನೆಯೆಲ್ಲ ನಕ್ಕಿತು. ಕಲ್ಮುರ್ಜಾ ಎಲ್ಲರಿಗಿಂತ ಜೋರಾಗಿ ನಕ್ಕ.

ನಿಮ್ಮ ಮನೆಯ ಹಿರಿಯರ ನಡಿಗೆ ನಿಧಾನವಾಗಿದೆಯೇ? ಕೈಪಳಗಿದ ಕೆಲಸದಲ್ಲೇ ತಡವರಿಸುತ್ತಿದ್ದಾರೆಯೇ? ನೆನಪು ಚೆನ್ನಾಗಿದೆಯಲ್ಲ ಎಂದು ಸುಮ್ಮನಾಗಬೇಡಿ, ಗದರಲೂ ಬೇಡಿ. ಬಿಪಿ ನೋಡಿಸಿ, ಡಾಕ್ಟರಿಗೆ ತೋರಿಸಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಡಾಕ್ಟರು ಹೇಳದೆ ಗುಳಿಗೆ ನಿಲ್ಲಿಸಬೇಡಿ. ಈಗಲೇ ಎದ್ದು ನಿಮ್ಮ ಮನೆಯ ಗುಳಿಗೆ ಡಬ್ಬಿ ನೋಡಿ. ಧೂಳು ಕೂತಿದ್ದರೆ ಇವತ್ತೇ ನರ್ಸಮ್ಮನ ಹತ್ತಿರ ಹೋಗಿ.